ದೊಡ್ಡ ಒಲೆಯ ಮುಂದೆ ಹೊಸಬರು: ಸಾಮೂಹಿಕ ಅಡುಗೆಯಲ್ಲಿ ಆಗುವ ತಪ್ಪುಗಳು

ಜಾಲಹಳ್ಳಿಯು ಒಂದು ಕಾಲಕ್ಕೆ ಬೆಂಗಳೂರಿನ ಹೊರವಲಯದ ಸಾಮಾನ್ಯ ಹಳ್ಳಿ. 1950ರ ದಶಕದಲ್ಲಿ ಇಲ್ಲಿ ಎಚ್.ಎಂ.ಟಿ. ಮತ್ತು ಬಿ.ಇ.ಎಲ್. ಕಾರ್ಖಾನೆಗಳು ತಲೆಯೆತ್ತಿದವು. ಮುಂದೆ ಮಗ್ಗುಲಲ್ಲಿಯೇ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಈ ಭಾಗದ ಇತಿಹಾಸವನ್ನು ಹೇಳುವವರು ಯಂತ್ರಗಳನ್ನೂ ಕೈಗಡಿಯಾರಗಳನ್ನೂ ನೆನೆಯುತ್ತಾರೆಯೇ ಹೊರತು ಅಡುಗೆಮನೆಗಳನ್ನು ನೆನೆಯುವುದು ಅಪರೂಪ. ಆದರೆ 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕ್ಯಾಂಟೀನನ್ನು ಕಡ್ಡಾಯಗೊಳಿಸಲು ಸರಕಾರಕ್ಕೆ ಅಧಿಕಾರವಿತ್ತದ್ದು 1948ರ ಕಾರ್ಖಾನೆ ಕಾಯ್ದೆಯ 46ನೆಯ ಕಲಮು. ಅಂದರೆ ಯಂತ್ರ ತಿರುಗಿದೆಡೆಯಲ್ಲೆಲ್ಲ ಒಲೆಯೂ ಉರಿದಿದೆ. ಇಂದು ಕಾರ್ಖಾನೆಯ ಕ್ಯಾಂಟೀನುಗಳಿಗೆ ವಿದ್ಯಾರ್ಥಿನಿಲಯಗಳು, ಪಿ.ಜಿ. ವಸತಿಗಳು, ಕಲ್ಯಾಣಮಂಟಪಗಳು, ಊಟ ಪೂರೈಸುವ ಗುತ್ತಿಗೆಯ ಅಡುಗೆಮನೆಗಳು ಸೇರಿವೆ.

ಈ ಒಲೆಗಳ ಮುಂದೆ ನಿಂತವರಲ್ಲಿ ನಮ್ಮ ಭಕ್ತಕುಟುಂಬಗಳ ಮಕ್ಕಳೂ ಇದ್ದಾರೆ. ತುಮಕೂರಿನ ಕಡೆಯಿಂದ, ಹಾಸನದಿಂದ, ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಕೆಲಸವನ್ನರಸಿ ಬಂದವರು ಅವರು. ಇನ್ನೊಂದು ಕಡೆ ಬಸವಜಯಂತಿ, ಶಿವರಾತ್ರಿ, ಶ್ರಾವಣಮಾಸದ ಕಾರ್ಯಕ್ರಮಗಳಲ್ಲಿ ದಾಸೋಹದ ಅಡುಗೆಗೆ ಸೇವಾಭಾವದಿಂದ ಕೈಜೋಡಿಸುವ ಸದ್ಭಕ್ತರಿದ್ದಾರೆ. ಒಬ್ಬರದು ಸಂಬಳದ ಕಾಯಕ, ಮತ್ತೊಬ್ಬರದು ಸೇವೆ. ಆದರೂ ಇಬ್ಬರೂ ಹೊಸತರಲ್ಲಿ ಮಾಡುವ ತಪ್ಪುಗಳು ಬಹುಮಟ್ಟಿಗೆ ಒಂದೇ. ಏಕೆಂದರೆ ಆ ತಪ್ಪುಗಳ ಮೂಲವೂ ಒಂದೇ: ಮನೆಯ ಅಡುಗೆಯನ್ನೇ ನೂರರಿಂದ ಗುಣಿಸಿದರೆ ನೂರು ಜನರ ಅಡುಗೆಯಾಗುತ್ತದೆಂಬ ಎಣಿಕೆ.

ಪಾತ್ರೆ ದೊಡ್ಡದಾದಂತೆ ಅದರೊಳಗಿನ ಪದಾರ್ಥ ಬೆಳೆದಷ್ಟು ವೇಗವಾಗಿ ಅದರ ಹೊರಮೈ ಬೆಳೆಯುವುದಿಲ್ಲ. ಹತ್ತು ಲೀಟರಿನ ಪಾತ್ರೆಗೂ ಅದೇ ಆಕಾರದ ನೂರು ಲೀಟರಿನ ಪಾತ್ರೆಗೂ ಹೋಲಿಸಿದರೆ ಒಳಗಿನ ಸಾರು ಹತ್ತು ಪಟ್ಟಾಗಿರುತ್ತದೆ, ಹೊರಮೈ ಮಾತ್ರ ಐದು ಪಟ್ಟೂ ಆಗಿರುವುದಿಲ್ಲ. ಶಾಖ ಒಳಹೋಗುವುದೂ ಹೊರಬರುವುದೂ ಈ ಹೊರಮೈಯ ಮೂಲಕವೇ. ಆದ್ದರಿಂದ ದೊಡ್ಡ ಕೊಪ್ಪರಿಗೆ ನಿಧಾನವಾಗಿ ಕಾಯುತ್ತದೆ, ಅದಕ್ಕಿಂತಲೂ ನಿಧಾನವಾಗಿ ಆರುತ್ತದೆ. ಹೊಸಬರ ಹೆಚ್ಚಿನ ತಪ್ಪುಗಳು ಈ ಒಂದು ಸಂಗತಿಯನ್ನು ಅರಿಯದೆ ಆಗುವಂಥವು.

ಮೊದಲು ನಾಲಿಗೆಗೆ ತಿಳಿಯುವ ತಪ್ಪುಗಳನ್ನು ನೋಡೋಣ. ಮನೆಯಲ್ಲಿ ಒಂದು ಲೋಟ ಅಕ್ಕಿಗೆ ಎರಡೂವರೆ ಲೋಟ ನೀರಿಡುವವರು ಹತ್ತು ಕಿಲೋ ಅಕ್ಕಿಗೂ ಅದೇ ಲೆಕ್ಕದಲ್ಲಿ ನೀರು ಸುರಿಯುತ್ತಾರೆ. ದೊಡ್ಡ ಪಾತ್ರೆಯಲ್ಲಿ ಆವಿಯಾಗಿ ಹೋಗುವ ನೀರಿನ ಪ್ರಮಾಣ ಕಡಮೆಯಾದುದರಿಂದ ಅನ್ನ ಮುದ್ದೆಯಾಗುತ್ತದೆ. ಅದನ್ನು ಸರಿಪಡಿಸಲು ಉರಿ ಹೆಚ್ಚಿಸಿದರೆ ತಳ ಸೀಯುತ್ತದೆ, ಮೇಲಿನದು ಬೇಯುವುದಿಲ್ಲ. ಗಾಬರಿಯಿಂದ ಸಟ್ಟುಗದಿಂದ ಕಲಕಿದರೆ ಅಗುಳು ಒಡೆದು ಸೀದ ವಾಸನೆ ಪಾತ್ರೆಯ ತುಂಬ ಹರಡುತ್ತದೆ. ತಳ ಹಿಡಿದ ಪಾತ್ರೆಯನ್ನು ಕಲಕದೆ ಮೇಲಿನ ಅನ್ನವನ್ನು ಮಾತ್ರ ಬೇರೆ ಪಾತ್ರೆಗೆ ತೆಗೆದುಕೊಳ್ಳುವುದೇ ಅನುಭವಸ್ಥರ ಕ್ರಮ. ತರಕಾರಿಯ ವಿಷಯದಲ್ಲಿಯೂ ಹೀಗೆಯೇ. ನೂರು ಲೀಟರ್ ಹುಳಿ ಒಲೆಯಿಂದಿಳಿದ ಮೇಲೂ ಬಹಳ ಹೊತ್ತು ತನ್ನ ಶಾಖದಲ್ಲಿ ತಾನೇ ಬೇಯುತ್ತಿರುತ್ತದೆ. ಹೋಳು ಪೂರ್ಣ ಬೆಂದ ಮೇಲೆ ಇಳಿಸಿದರೆ ಬಡಿಸುವ ವೇಳೆಗೆ ಅದು ಕರಗಿಹೋಗಿರುತ್ತದೆ, ಜೊತೆಗೆ ಶಾಖಕ್ಕೆ ನಾಶವಾಗುವ ಸಿ ಜೀವಸತ್ವವೂ. ಸ್ವಲ್ಪ ಬಿರುಸಿರುವಾಗಲೇ ಉರಿ ಆರಿಸಬೇಕು.

ಬೇಳೆ ಬೇಯದಿರುವುದು ಜಾಲಹಳ್ಳಿಯ ಅಡುಗೆಮನೆಗಳಲ್ಲಿ ಕೇಳಿಬರುವ ನಿತ್ಯದ ದೂರು. ಇದಕ್ಕೆ ಸ್ಥಳೀಯ ಕಾರಣಗಳೂ ಇವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿಯಲ್ಲಲ್ಲ, ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಕರಾವಳಿಯಲ್ಲಿ ಅಡುಗೆ ಕಲಿತು ಬಂದವರಿಗೆ ತೆರೆದ ಪಾತ್ರೆಯ ಬೇಳೆ ಇಲ್ಲಿ ತಡವಾಗಿ ಬೇಯುವುದು ಇದರಿಂದಲೇ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಬೇಳೆಯನ್ನು ಇನ್ನಷ್ಟು ಬಿರುಸಾಗಿಸುತ್ತದೆ. ಬೇಳೆ ಮೆತ್ತಗಾಗುವ ಮೊದಲೇ ಹುಣಿಸೆಯ ರಸ ಸುರಿದರಂತೂ ಅದು ಮತ್ತೆ ಮೆದುವಾಗುವುದು ಕಷ್ಟ, ಏಕೆಂದರೆ ಹುಳಿಯೂ ಅದನ್ನು ಬಿಗಿಗೊಳಿಸುತ್ತದೆ. ಆಗ ಹೊಸಬರು ಹಿಡಿಯುವ ಅಡ್ಡದಾರಿ ಅಡುಗೆಸೋಡಾ. ಸೋಡಾ ಹಾಕಿದರೆ ಬೇಳೆ ಬೇಗ ಬೇಯುವುದು ನಿಜ. ಆದರೆ ಕ್ಷಾರದ ಸಂಪರ್ಕದಲ್ಲಿ ಬೇಳೆಯ ಬಿ-1 ಜೀವಸತ್ವ ನಾಶವಾಗುತ್ತದೆ. ದಿನವೂ ಕ್ಯಾಂಟೀನಿನಲ್ಲಿಯೇ ಉಣ್ಣುವ ಕಾರ್ಮಿಕನಿಗೆ ಇದು ಸಣ್ಣ ನಷ್ಟವಲ್ಲ. ಬೇಳೆಯನ್ನು ಮುಂಚಿತವಾಗಿ ನೆನೆಸುವುದು, ಸಿಹಿನೀರನ್ನು ಬಳಸುವುದು, ಹುಳಿಯನ್ನು ಕೊನೆಗೆ ಸೇರಿಸುವುದು, ಸಾಧ್ಯವಿದ್ದಲ್ಲಿ ಒತ್ತಡದ ಪಾತ್ರೆಯಲ್ಲಿ ಬೇಯಿಸುವುದು, ಇವಿಷ್ಟೇ ಸಾಕು.

ನೀರಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಕಂಡುಬಂದಿರುವುದು ದಾಖಲಾಗಿರುವ ಸಂಗತಿ. ‘ಹೇಗೂ ಕುದಿಸುತ್ತೇವಲ್ಲ’ ಎಂದು ಸಮಾಧಾನಪಟ್ಟುಕೊಳ್ಳುವವರುಂಟು. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಲೋಹ ಹೋಗುವುದಿಲ್ಲ. ನೀರು ಬತ್ತಿದಂತೆಲ್ಲ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಈ ಭಾಗದ ಅಡುಗೆಮನೆಗೆ ಹೊಸದಾಗಿ ಸೇರಿದವರು ಅಡುಗೆಯ ನಲ್ಲಿಯ ನೀರು ಎಲ್ಲಿಂದ ಬರುತ್ತಿದೆ, ಅದರ ಪರೀಕ್ಷೆಯಾಗಿದೆಯೇ ಎಂದು ಮೊದಲ ದಿನವೇ ಕೇಳುವುದು ಅಧಿಕಪ್ರಸಂಗವಲ್ಲ.

ಉಪ್ಪಿನ ವಿಷಯದಲ್ಲಿ ನಮ್ಮವರಿಗೇ ವಿಶಿಷ್ಟವಾದ ತೊಡಕೊಂದಿದೆ. ಲಿಂಗಕ್ಕೆ ಅರ್ಪಿಸದುದನ್ನು ಸೇವಿಸಬಾರದೆಂಬ ನಿಷ್ಠೆಯಿಂದ ದಾಸೋಹದ ಅಡುಗೆಯನ್ನು ಅನೇಕರು ರುಚಿ ನೋಡುವುದಿಲ್ಲ. ನಿಷ್ಠೆ ಒಳ್ಳೆಯದು, ಆದರೆ ಅದರ ಜೊತೆ ಕೈಯಳತೆಯ ಉಪ್ಪು ಸೇರಿದರೆ ಫಲ ಕೆಟ್ಟದ್ದು. ಮುಷ್ಟಿಯ ಅಳತೆ ಒಬ್ಬೊಬ್ಬರದು ಒಂದೊಂದು. ರುಚಿ ನೋಡದವರಿಗೆ ತಕ್ಕಡಿಯೇ ನಾಲಿಗೆಯಾಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರೊಬ್ಬರಿಗೆ ಇಡೀ ದಿನಕ್ಕೆ ಐದು ಗ್ರಾಮಿಗಿಂತ ಕಡಮೆ ಉಪ್ಪು ಸಾಕು. ಒಂದು ಹೊತ್ತಿನ ಊಟಕ್ಕೆ ಎರಡು ಗ್ರಾಂ ಎಂದಿಟ್ಟುಕೊಂಡರೂ ನೂರು ಜನರ ಸಾರು, ಪಲ್ಯ, ಅನ್ನ, ಮಜ್ಜಿಗೆಗಳಿಗೆಲ್ಲ ಸೇರಿ 200 ಗ್ರಾಂ. ಹೊಸಬರು ನೂರು ಜನರ ಸಾರಿಗೊಂದಕ್ಕೇ ಅರ್ಧ ಕಿಲೋ ಸುರಿದರೆ ಒಂದೇ ಬಟ್ಟಲಿನಲ್ಲಿ ದಿನದ ಪಾಲೆಲ್ಲ ಮುಗಿದಂತೆ. ಮೊದಲು ಲೆಕ್ಕದ ಮುಕ್ಕಾಲು ಭಾಗವನ್ನು ಹಾಕಿ ಉಳಿದುದನ್ನು ಕೈಯಲ್ಲಿರಿಸಿಕೊಳ್ಳಬೇಕು. ಹಾಕಿದ ಉಪ್ಪನ್ನು ತೆಗೆಯುವ ವಿದ್ಯೆ ಯಾವ ಅಡುಗೆಯವರಿಗೂ ತಿಳಿದಿಲ್ಲ. ಖಾರದ ಪುಡಿ, ಇಂಗು, ಮೆಂತ್ಯಗಳಿಗೂ ಇದೇ ಮಾತು ಅನ್ವಯಿಸುತ್ತದೆ. ರುಚಿ ನೋಡುವ ಪದ್ಧತಿಯಿರುವ ಕಡೆ ಸೌಟಿನಿಂದ ಅಂಗೈಗೆ ಸುರಿದುಕೊಂಡು ನೆಕ್ಕಿ, ಅದೇ ಕೈಯಿಂದ ಸೌಟನ್ನು ಹಿಡಿದು ಮುಂದುವರಿಯುವ ಅಭ್ಯಾಸ ಬಿಡಬೇಕು. ಬೇರೆ ಬಟ್ಟಲು, ಬೇರೆ ಚಮಚ, ಆಮೇಲೆ ಕೈತೊಳೆಯುವುದು. ನಮ್ಮ ಹಿರಿಯರ ಎಂಜಲಿನ ವಿವೇಕವೂ ಇದನ್ನೇ ಹೇಳುತ್ತಿತ್ತು.

ಇವೆಲ್ಲ ಉಂಡವರು ಮುಖ ಸಿಂಡರಿಸಿದರೆ ತಿಳಿದುಬರುವ ತಪ್ಪುಗಳು, ನಾಳೆ ತಿದ್ದಿಕೊಳ್ಳಬಹುದು. ನಾಲಿಗೆಗೂ ಮೂಗಿಗೂ ತಿಳಿಯದ ತಪ್ಪುಗಳು ಬೇರೆ ಇವೆ. ಆಸ್ಪತ್ರೆಯ ದಾರಿ ಹಿಡಿಸುವುವು ಅವೇ.

ಅವುಗಳಲ್ಲಿ ಮೊದಲನೆಯದು, ಬೆಂದ ಅನ್ನ-ಸಾರುಗಳನ್ನು ದೊಡ್ಡ ಪಾತ್ರೆಯಲ್ಲಿಯೇ ಮುಚ್ಚಿ ಗಂಟೆಗಟ್ಟಲೆ ಇಡುವುದು. ಕುದಿಸಿದ ಅಡುಗೆ ಶುದ್ಧವೆಂಬ ನಂಬಿಕೆ ಎಲ್ಲರಲ್ಲಿಯೂ ಇದೆ. ಆದರೆ ಅಕ್ಕಿಯಲ್ಲಿ ಸಹಜವಾಗಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣು ಬೀಜರೂಪದಲ್ಲಿ ಕುದಿತವನ್ನೂ ತಾಳಿ ಉಳಿಯುತ್ತದೆ. ಅನ್ನ ಆರಿ ಬೆಚ್ಚಗಾಗುತ್ತಲೇ ಮೊಳೆತು ಬೆಳೆಯತೊಡಗುತ್ತದೆ. ಬೆಳೆಯುವಾಗ ಅದು ಬಿಡುವ, ವಾಂತಿ ತರಿಸುವ ವಿಷ ಎಷ್ಟು ಗಟ್ಟಿಯೆಂದರೆ ಮತ್ತೆ ಕುದಿಸಿದರೂ ಕೆಡುವುದಿಲ್ಲ. ‘ನಿನ್ನೆಯ ಅನ್ನವನ್ನು ಚೆನ್ನಾಗಿ ಬಿಸಿಮಾಡಿ ಚಿತ್ರಾನ್ನ ಮಾಡಿದೆವು’ ಎನ್ನುವವರು ಈ ಅಂಶವನ್ನು ಮರೆತಿರುತ್ತಾರೆ. ಗಟ್ಟಿ ಸಾರು, ಕಾಳಿನ ಪಲ್ಯಗಳ ದೊಡ್ಡ ಪಾತ್ರೆಗಳಲ್ಲಿ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬ ಇನ್ನೊಂದು ಸೂಕ್ಷ್ಮಾಣು ಬೆಳೆಯಬಲ್ಲದು. ಗಾಳಿಯಾಡದ ಪಾತ್ರೆಯ ನಡುಭಾಗ ಅದಕ್ಕೆ ಇಷ್ಟವಾದ ತಾಣ. 43ರಿಂದ 47 ಡಿಗ್ರಿಯ ಬಿಸಿಯಲ್ಲಿ, ಅನುಕೂಲ ಒದಗಿದರೆ, ಸುಮಾರು ಹತ್ತು ನಿಮಿಷಕ್ಕೊಮ್ಮೆ ಅದು ಇಮ್ಮಡಿಯಾಗುತ್ತದೆ. ಈ ಲೆಕ್ಕದಲ್ಲಿ ಒಂದು ಕಣ ಮೂರು ಗಂಟೆಗಳಲ್ಲಿ ಎರಡೂವರೆ ಲಕ್ಷವನ್ನು ಮೀರುತ್ತದೆ. ಇಷ್ಟಾದರೂ ಸಾರಿನ ಬಣ್ಣ ಬದಲಾಗುವುದಿಲ್ಲ, ಹಳಸಿದ ವಾಸನೆಯೂ ಬರುವುದಿಲ್ಲ.

ಅಪಾಯದ ಈ ನಡುವಣ ಉಷ್ಣತೆ ಸ್ಥೂಲವಾಗಿ 5ರಿಂದ 60 ಡಿಗ್ರಿಯವರೆಗಿನದು. ಆದ್ದರಿಂದ ಬಿಸಿಯಾಗಿ ಬಡಿಸುವುದನ್ನು ಬಡಿಸಿ ಮುಗಿಯುವವರೆಗೂ 60 ಡಿಗ್ರಿಗಿಂತ ಮೇಲೆಯೇ ಇರಿಸಬೇಕು. ಕೈಸುಡುವಷ್ಟು ಬಿಸಿ ಎಂದರೆ ಸಾಲದು, ಆಹಾರದೊಳಗೆ ಚುಚ್ಚಿ ನೋಡುವ ಉಷ್ಣಮಾಪಕ ಈಗ ದುಬಾರಿಯೇನಲ್ಲ. ಎತ್ತಿಡಲೇಬೇಕಾದುದನ್ನು 60ರಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಮುಂದಿನ ನಾಲ್ಕು ಗಂಟೆಯೊಳಗೆ ಇಳಿಸಬೇಕು. ಕೊಪ್ಪರಿಗೆಯಲ್ಲಿಯೇ ಬಿಟ್ಟರೆ ಇದು ಆಗದ ಮಾತು. ರಾತ್ರಿ ಮುಚ್ಚಿಟ್ಟ ದೊಡ್ಡ ಪಾತ್ರೆಯ ಅನ್ನದೊಳಗೆ ಬೆಳಿಗ್ಗೆ ಸಟ್ಟುಗ ತೂರಿಸಿ ನೋಡಿದವರಿಗೆ ಒಳಗಿನ್ನೂ ಬೆಚ್ಚಗಿರುವುದು ಗೊತ್ತು. ಎರಡು ಬೆರಳು ದಪ್ಪವಾಗುವಂತೆ ಅಗಲವಾದ ಶುಚಿ ತಟ್ಟೆಗಳಲ್ಲಿ ಹರಡಿದರೆ ಅದೇ ಅನ್ನ ಬೇಗನೆ ಆರುತ್ತದೆ. ಸಾರಿನ ಪಾತ್ರೆಯನ್ನಾದರೆ ಚಿಕ್ಕ ಪಾತ್ರೆಗಳಿಗೆ ಹಂಚಿ, ತಣ್ಣೀರಿನ ತೊಟ್ಟಿಯಲ್ಲಿ ನಿಲ್ಲಿಸಿ, ಆಗಾಗ ಕಲಕಬೇಕು. ಬಿಸಿ ಕೊಪ್ಪರಿಗೆಯನ್ನೇ ಶೀತಕದೊಳಗೆ ತಳ್ಳಿದರೆ ಅದು ಆರುವುದಿರಲಿ, ಪಕ್ಕದ ಹಾಲು-ಮೊಸರೂ ಬೆಚ್ಚಗಾಗುತ್ತವೆ.

ಇಲ್ಲಿ ಭಕ್ತರ ಮನಸ್ಸಿಗೆ ಸಂಕಟವಾಗುವ ಪ್ರಶ್ನೆಯೊಂದು ಎದುರಾಗುತ್ತದೆ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಅದನ್ನು ಚೆಲ್ಲುವುದು ಹೇಗೆ? ಮಧ್ಯಾಹ್ನದ ದಾಸೋಹದಲ್ಲಿ ಉಳಿದ ಅನ್ನವನ್ನು ಸಂಜೆ ಮನೆಮನೆಗೆ ಹಂಚುವುದು, ಮಾರನೆಯ ಬೆಳಿಗ್ಗೆ ಕೆಲಸದವರಿಗೆ ಕೊಡುವುದು ಇದೇ ಸಂಕಟದಿಂದ. ಉದ್ದೇಶ ಪವಿತ್ರವಾದುದು. ಆದರೆ ಆರು ಗಂಟೆ ಬೆಚ್ಚಗೆ ಕುಳಿತ ಅನ್ನ ಉಣ್ಣುವವರ ಭಕ್ತಿಯನ್ನು ವಿಚಾರಿಸುವುದಿಲ್ಲ. ಮೊದಲು ಬೀಳುವವರು ಎಳೆಯ ಮಕ್ಕಳು, ವೃದ್ಧರು, ಬಸುರಿಯರು. ಕೆಟ್ಟ ಅನ್ನವನ್ನು ಪ್ರಸಾದವೆಂಬ ಹೆಸರಿನಲ್ಲಿ ಬಡಿಸುವುದಕ್ಕಿಂತ ಗೊಬ್ಬರದ ಗುಂಡಿಗೆ ಹಾಕುವುದೇ ಪ್ರಸಾದಕ್ಕೆ ಸಲ್ಲಿಸುವ ಮರ್ಯಾದೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇನ್ನು ಚೆಲ್ಲುವ ಪ್ರಮೇಯವೇ ಬಾರದಂತೆ ಅಡುಗೆ ಮಾಡುವುದು ಅದಕ್ಕಿಂತ ಮೇಲು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದುದೇ. ಆ ಪ್ರಸಂಗವನ್ನು ನಾವು ವೈರಾಗ್ಯದ ಪಾಠವಾಗಿ ಕೇಳುತ್ತೇವೆ. ಅಡುಗೆಮನೆಯಲ್ಲಿ ಅದು ಅಳತೆಯ ಪಾಠವೂ ಹೌದು.

ಆಚರಣೆಯಲ್ಲಿ ಇದು ಸರಳ. ಆಳಿಗೆ ಸುಮಾರು ನೂರು ಗ್ರಾಂ ಅಕ್ಕಿಯಂತೆ ಲೆಕ್ಕ ಹಾಕಿ, ಅಷ್ಟನ್ನೂ ಒಮ್ಮೆಗೇ ಬೇಯಿಸದೆ ಅರ್ಧದಷ್ಟನ್ನು ಮೊದಲು ಬೇಯಿಸುವುದು. ಪಂಕ್ತಿ ನಡೆಯುತ್ತಿರುವಂತೆ ಜನರನ್ನು ನೋಡಿ ಮುಂದಿನ ಪಾತ್ರೆಯನ್ನು ಏರಿಸುವುದು. ಉಳಿಯುವುದಾದರೆ ಅಕ್ಕಿಯಾಗಿ ಉಳಿಯಲಿ, ಅನ್ನವಾಗಿ ಬೇಡ. ಸಿದ್ಧಗಂಗೆಯಂತಹ ಮಠಗಳಲ್ಲಿ ನಿತ್ಯವೂ ಸಾವಿರಾರು ಮಕ್ಕಳು ಉಣ್ಣುವ ಪರಿಯನ್ನು ಕಂಡವರಿಗೆ ಹೊತ್ತುಹೊತ್ತಿಗೆ ಬಿಸಿಯಾಗಿ ಬೇಯಿಸಿ ಬಡಿಸುವ ಕ್ರಮದ ಬೆಲೆ ತಿಳಿಯುತ್ತದೆ. ಹೊಸಬರು ಬೆಳಗಿನ ಆರಕ್ಕೇ ಎಲ್ಲವನ್ನೂ ಮುಗಿಸಿ ನಿರಾಳವಾಗುವುದನ್ನು ಚುರುಕುತನವೆಂದು ಭಾವಿಸುತ್ತಾರೆ. ಮಧ್ಯಾಹ್ನ ಒಂದಕ್ಕೆ ಉಣ್ಣುವವರ ದೃಷ್ಟಿಯಿಂದ ಅದು ಚುರುಕುತನವಲ್ಲ.

ಬೇಯಿಸದೆ ಬಡಿಸುವ ಪದಾರ್ಥಗಳ ಬಗೆಗೆ ವಿಶೇಷ ಎಚ್ಚರ ಬೇಕು. ತೆಂಗಿನಕಾಯಿ ಚಟ್ನಿ, ಕೋಸಂಬರಿ, ಮಜ್ಜಿಗೆಗಳು ಒಲೆಯನ್ನು ಕಾಣುವುದಿಲ್ಲ. ಆದುದರಿಂದ ಅವುಗಳಿಗೆ ಸೇರುವ ನೀರು, ಮಂಜುಗಡ್ಡೆ, ತಾಕುವ ಕೈ ಎಲ್ಲವೂ ನೇರವಾಗಿ ಎಲೆಗೆ ಬರುತ್ತವೆ. ಸಾರಿಗೆ ಶುದ್ಧೀಕರಿಸಿದ ನೀರನ್ನು ಬಳಸಿ, ಚಟ್ನಿ ರುಬ್ಬುವಾಗ ಕೈತೊಳೆಯುವ ನಲ್ಲಿಯ ನೀರನ್ನೇ ಸುರಿಯುವ ತಪ್ಪು ಎಷ್ಟೋ ಕಡೆ ನಡೆಯುತ್ತದೆ. ಒಗ್ಗರಣೆ ಕೊಟ್ಟರೆ ಚಟ್ನಿ ಬೆಂದಂತಾಗುವುದಿಲ್ಲ. ಬೆರಳಿನ ಗಾಯ, ಕುರು, ಮೂಗಿನ ಸೋರಿಕೆ ಇರುವವರು ಅಂದು ತರಕಾರಿ ತೊಳೆಯುವ ಅಥವಾ ಪಾತ್ರೆ ಉಜ್ಜುವ ಕೆಲಸವನ್ನೂ ಬಿಟ್ಟು ಲೆಕ್ಕ ಬರೆಯುವ ಕೆಲಸ ಮಾಡಲಿ. ಗಾಯದಲ್ಲಿ ಇರುವ ಸ್ಟ್ಯಾಫಿಲೊಕಾಕಸ್ ಆಹಾರದಲ್ಲಿ ಬಿಡುವ ವಿಷವೂ ಬಿಸಿಗೆ ಜಗ್ಗದು. ಇನ್ನು ಹೆಗಲ ಮೇಲಿನ ಒರಸುಬಟ್ಟೆ. ಬೆವರು, ಮೇಜು, ಬಿಸಿಪಾತ್ರೆಯ ಹಿಡಿ, ತೊಳೆದ ತಟ್ಟೆ, ಎಲ್ಲಕ್ಕೂ ಒಂದೇ ಬಟ್ಟೆ! ಸದಾ ತೇವವಾಗಿರುವ ಆ ಬಟ್ಟೆಗಿಂತ ಕೊಳಕಾದ ವಸ್ತು ಅಡುಗೆಮನೆಯಲ್ಲಿ ಇರಲಾರದು.

ರಾಜ್ಮಾ ಕಾಳು ಈಚೆಗೆ ಪಿ.ಜಿ. ವಸತಿಗಳ ಊಟದಲ್ಲಿ ಸಾಮಾನ್ಯವಾಗಿದೆ. ಹಸಿ ರಾಜ್ಮಾದಲ್ಲಿ ವಾಂತಿ-ಭೇದಿ ತರುವ ಸಹಜ ವಿಷಾಂಶವಿದ್ದು, ಮಂದ ಉರಿಯ ಅರೆಬೇಯಿಕೆಯಿಂದ ಅದು ಹೋಗುವುದಿಲ್ಲ. ರಾತ್ರಿ ನೆನೆಸಿ, ನೆನೆದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆಯಾದರೂ ಕೊತಕೊತನೆ ಕುದಿಸಬೇಕು. ಕರಿದ ಎಣ್ಣೆಯ ವಿಚಾರವಾಗಿ 2018ರ ಜುಲೈ 1ರಿಂದ ನಿಯಮವೇ ಜಾರಿಯಲ್ಲಿದೆ: ಎಣ್ಣೆಯಲ್ಲಿನ ಒಟ್ಟು ಧ್ರುವೀಯ ಸಂಯುಕ್ತಗಳು ಶೇಕಡ 25ನ್ನು ಮೀರಿದರೆ ಅದನ್ನು ಅಡುಗೆಗೆ ಬಳಸಕೂಡದು. ನೊರೆಗಟ್ಟುವ, ಕಪ್ಪಾದ, ಬೇಗ ಹೊಗೆಯಾಡುವ ಎಣ್ಣೆಗೆ ಹೊಸ ಎಣ್ಣೆ ಬೆರೆಸಿ ‘ಹದ’ ಮಾಡುವುದು ಜಾಣತನವಲ್ಲ.

ಬೆಂಕಿಯ ಮುಂದೆ ಹೊಸಬರ ಮೈಮೇಲೆ ನಿಗಾ ಇರಬೇಕು. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ, ಹತ್ತಿಯ ಉಡುಪೇ ಯೋಗ್ಯ. ಶಿವದಾರ, ಕರಡಿಗೆ, ರುದ್ರಾಕ್ಷಿ ಧರಿಸಿದವರು ಅವನ್ನು ಅಂಗಿಯೊಳಗೆ ಸೇರಿಸಿ ಮೇಲೆ ಏಪ್ರನ್ ಕಟ್ಟಿಕೊಳ್ಳಬೇಕು; ಕೊಪ್ಪರಿಗೆಯ ಮೇಲೆ ಬಾಗಿದಾಗ ಜೋಲುವ ಬೆಳ್ಳಿಯ ಕರಡಿಗೆ ಹಬೆಗೆ ಕ್ಷಣದಲ್ಲಿ ಕಾಯುತ್ತದೆ. ಎಣ್ಣೆಗೆ ಬೆಂಕಿ ಹತ್ತಿದರೆ ನೀರೆರಚುವುದು ಹೊಸಬರ ಅತಿ ಘೋರವಾದ ತಪ್ಪು. ನೀರು ಹಬೆಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಉರಿಯುವ ಎಣ್ಣೆಯ ತಳದಲ್ಲಿ ಅದು ಸಿಡಿದರೆ ಬೆಂಕಿ ಸೂರಿಗೇರುತ್ತದೆ. ಅನಿಲವನ್ನು ನಿಲ್ಲಿಸಿ ಬಾಣಲೆಯ ಮೇಲೆ ಲೋಹದ ಮುಚ್ಚಳವನ್ನು ಜಾರಿಸಬೇಕು. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ಹರಿಯುವ ತಂಪು ನೀರು. ಶಾಯಿ, ಟೂತ್‌ಪೇಸ್ಟ್, ಅರಿಶಿನ ಯಾವುದೂ ಬೇಡ. ವಿಭೂತಿಯೂ ಬೇಡ, ಅದು ಹಣೆಯ ಮೇಲಿರಲಿ.

ಹೊಸಬರ ಇನ್ನೊಂದು ತಪ್ಪು ಅಡುಗೆಯದಲ್ಲ, ಮೌನದ್ದು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಬಿಸಿಯೂಟವನ್ನುಂಡು 23 ಮಕ್ಕಳು ತೀರಿಕೊಂಡರು. ಎಣ್ಣೆಯ ವಾಸನೆಯ ಬಗ್ಗೆ ಅಡುಗೆಯವರು ಸಂಶಯ ವ್ಯಕ್ತಪಡಿಸಿದ್ದರೆಂದೂ ಆ ಮಾತಿಗೆ ಬೆಲೆ ಸಿಗಲಿಲ್ಲವೆಂದೂ ಆಗಿನ ವರದಿಗಳು ತಿಳಿಸಿದವು. ನಮ್ಮ ರಾಜ್ಯದ ಶಾಲಾ ಬಿಸಿಯೂಟದ ಹೆಸರೇ ‘ಅಕ್ಷರ ದಾಸೋಹ’. ಅಲ್ಲಿಯೂ ಮಕ್ಕಳಿಗಿಂತ ಮುಂಚೆ ದೊಡ್ಡವರು ಉಂಡು ನೋಡಬೇಕೆಂಬ ನಿಯಮವಿದೆ. ಅಡುಗೆಮನೆಯಲ್ಲಿ ಹೊಸಬರಾದವರು ಹಿರಿಯ ಅಡುಗೆಯವರ ಮುಂದೆ, ಗುತ್ತಿಗೆದಾರರ ಮುಂದೆ ಬಾಯಿ ತೆರೆಯಲು ಅಂಜುತ್ತಾರೆ. ಕೆಲಸ ಹೋದೀತೆಂಬ ಅವರ ಭಯ ಸುಳ್ಳಲ್ಲ. ಆದ್ದರಿಂದ ಕೇಳುವ ಹೊಣೆ ದೊಡ್ಡವರದು. ‘ಏನಾದರೂ ವಾಸನೆ ಬೇರೆಯೆನಿಸಿತೇ?’ ಎಂದು ದಿನವೂ ಹೊಸಬರನ್ನು ಕೇಳುವ ಅಡುಗೆಮನೆ ನಂಬಿಕೆಗೆ ಅರ್ಹವಾದುದು.

ಇಷ್ಟೆಲ್ಲ ಎಚ್ಚರದ ನಡುವೆಯೂ ಉಂಡವರಿಗೆ ತೊಂದರೆಯಾದರೆ, ಹೊತ್ತನ್ನು ಗಮನಿಸಿ. ಊಟವಾದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಪ್ರಧಾನವಾಗಿದ್ದರೆ ಮೊದಲೇ ಆಹಾರದಲ್ಲಿದ್ದ ವಿಷವನ್ನೂ, ಎಂಟು-ಹದಿನಾರು ಗಂಟೆಗಳ ಮೇಲೆ ಹೊಟ್ಟೆನೋವು-ಭೇದಿ ಬಂದರೆ ಸಾರು-ಕಾಳಿನ ಪಾತ್ರೆಯನ್ನೂ ಶಂಕಿಸಬೇಕಾಗುತ್ತದೆ. ತಕ್ಷಣ ಬೇಕಾದುದು ನೀರು-ಲವಣಗಳ ಮರುಪೂರಣ. ಓ.ಆರ್.ಎಸ್. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು ಕದಡಿ ಗುಟುಕುಗುಟುಕಾಗಿ ಕುಡಿಸಬೇಕು. ಇಲ್ಲಿ ಚಮಚವೆಂದರೆ ಚಹಾದ ಚಿಕ್ಕ ಚಮಚ. ಭೇದಿಯಲ್ಲಿ ರಕ್ತ, ಜ್ವರ, ಮೂತ್ರ ಕಡಮೆಯಾಗುವುದು, ಮಂಪರು, ದೃಷ್ಟಿ ಮಂಜಾಗುವುದು, ಇವು ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಡಿಸಿದ ಪ್ರತಿಯೊಂದು ಪದಾರ್ಥದಿಂದ ಒಂದು ಬಟ್ಟಲಿನಷ್ಟನ್ನು ಶುಚಿಯಾದ ಮುಚ್ಚಳದ ಡಬ್ಬಿಯಲ್ಲಿ ತೆಗೆದು, ದಿನಾಂಕ ಮತ್ತು ವೇಳೆ ಬರೆದು, ಒಂದು ದಿನ ಶೀತಕದಲ್ಲಿರಿಸುವ ರೂಢಿಯನ್ನು ದಾಸೋಹದ ಅಡುಗೆಮನೆಗಳೂ ಇಟ್ಟುಕೊಳ್ಳುವುದು ಒಳ್ಳೆಯದು. ಕಾರಣ ಹುಡುಕುವ ವೈದ್ಯರು ಮೊದಲು ಕೇಳುವುದು ಆ ಡಬ್ಬಿಯನ್ನೇ.